ಆರೋಪಿಗೊಂದು ಮೈಕು

ಸಭೆಗಳಲ್ಲಿ ಮೈಕು ಯಾವಾಗಲೂ ಹಿಂದೆ ಮಾತಾಡಿದವರ ಎತ್ತರದಲ್ಲಿಯೇ ನಿಂತಿರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ, ಐದಡಿ ಎರಡಂಗುಲದ ನಾನಂತೂ ಜೀವಮಾನವಿಡೀ ಗಮನಿಸಿಕೊಂಡು ಬಂದಿದ್ದೇನೆ. ನನಗಿಂತ ಮೊದಲು ಮಾತಾಡುವವರು ಆಜಾನುಬಾಹುಗಳೇ ಆಗಿರಬೇಕೆಂದು ಯಾರೋ ಕಾನೂನು ಮಾಡಿಟ್ಟಂತಿದೆ. ಆದ್ದರಿಂದ ವೇದಿಕೆ ಹತ್ತಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಅದರ ಕತ್ತು ಹಿಡಿದು ಕೆಳಗೆಳೆಯುವುದು. ಎರಡನೆಯದು, ಅದು ಬದುಕಿದೆಯೋ ಇಲ್ಲವೋ ಎಂದು ಬೆರಳಿನಿಂದ ತಟ್ಟಿ ನೋಡುವುದು. ಮೂರನೆಯದು, ಎರಡೇ ಮಾತಿನಲ್ಲಿ ಮುಗಿಸುತ್ತೇನೆ ಎಂದು ಸಭಿಕರಿಗೆ ಸುಳ್ಳು ಹೇಳುವುದು. ಮನೆಯಲ್ಲಿ ನನ್ನ ಹೆಂಡತಿ ಊಟಕ್ಕೆ ಕರೆಯುವ ಕ್ರಮವೇ 'ಮೈಕು ಬಂದ್ ಮಾಡಿ ಬನ್ನಿ' ಎಂದು.

ಶಿರಸಿಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ತರಗತಿಯಲ್ಲಿ ಬಾಯಿ ತೀಟೆ ತೀರದೆ ತಾಳಮದ್ದಳೆಯ ಹುಚ್ಚನ್ನೂ ಹಚ್ಚಿಕೊಂಡೆ. ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದ್ಯಕ್ಕೆ ಎದುರುಬದುರಾಗಿ ಕೂತು, ಪುರಾಣದ ಪಾತ್ರಗಳಾಗಿ ಬರಿಯ ಮಾತಿನಲ್ಲಿಯೇ ಕಾದಾಡುವ ಈ ಕಲೆಯಲ್ಲಿ ನನ್ನ ಪಾಲಿಗೆ ಬರುತ್ತಿದ್ದುದೆಲ್ಲ ಪ್ರತಿಪಕ್ಷದ ಪಾತ್ರಗಳು. ಅನ್ಯಾಯದ ಪಕ್ಷವನ್ನು ನ್ಯಾಯವೆಂದು ನಂಬಿಸುವುದರಲ್ಲಿ ಹೆಗಡೆಯವರನ್ನು ಮೀರಿಸುವವರಿಲ್ಲ ಎಂಬ ಮಾತು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಬ್ಬಿತ್ತು. ಅದನ್ನು ನಾನು ಪ್ರಶಂಸೆಯೆಂದೇ ತಿಳಿದಿದ್ದೆ.

ಇನ್ನು ಕಾಲೇಜಿನಲ್ಲಿ ನಾನು ವರ್ಷವರ್ಷವೂ ಪಾಠ ಮಾಡಿದ ಒಂದು ಕಾದಂಬರಿಯ ವಿಷಯ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ಓದಿ, ಅದರ ಬಗ್ಗೆ ನಾನು ತರಗತಿಯಲ್ಲಿ ಏನೇನು ತಪ್ಪು ಹೇಳಿದ್ದೆನೆಂಬುದು ಬಯಲಾಗುವ ಭಯವಿದೆ. ಸಮುದ್ರದಾಚೆಯ ನದೀತೀರದ ಒಂದು ಸಣ್ಣ ಪೇಟೆ. ಅಲ್ಲಿಯ ಮರ್ಯಾದಸ್ಥ ಬಿಳಿಯರ ಮನೆಯ ಹನ್ನೊಂದು ವರ್ಷದ ಹುಡುಗಿ ಕಥೆ ಹೇಳುತ್ತಾಳೆ. ಒಂದು ಸಂಜೆ ಪೇಟೆಯ ಹತ್ತಿ ಗೋದಾಮಿಗೆ ಬೆಂಕಿ ಬೀಳುತ್ತದೆ. ಕುಡಿದು ಮಲಗಿದ್ದ ಕಾವಲುಗಾರನ ಕಂದೀಲು ಉರುಳಿ ಆದ ಅನಾಹುತ ಅದು. ಆದರೆ ಅವನು ತಾನು ಪಾರಾಗಲು ಕಪ್ಪು ಜನಾಂಗದ ಒಬ್ಬ ಬಾವಿ ತೋಡುವವನ ಹೆಸರು ಹೇಳುತ್ತಾನೆ. ಆ ಹೊತ್ತಿಗೆ ಆ ಬಾವಿಯವನು ಇದ್ದದ್ದು ಹುಡುಗಿಯ ಮನೆಯಲ್ಲಿ. ದಿನವಿಡೀ ಅವರ ಬಾವಿಯ ಹೂಳು ತೆಗೆದು ದಣಿದವನನ್ನು ಹುಡುಗಿಯ ತಾಯಿ ಅಡುಗೆಮನೆಯ ಮೇಜಿಗೇ ಕರೆದು ಕೂರಿಸಿ ಉಣ್ಣಿಸುತ್ತಿದ್ದಳು. ಸಾಕ್ಷಿ ಹೇಳಿದರೆ ಅವನು ಬದುಕುತ್ತಾನೆ, ಆದರೆ ಅವನನ್ನು ತಮ್ಮ ಮೇಜಿಗೆ ಕೂರಿಸಿಕೊಂಡದ್ದು ಊರಿಗೆಲ್ಲ ತಿಳಿಯುತ್ತದೆ. ಮರ್ಯಾದಸ್ಥರು ಮೌನವಾಗಿ ಉಳಿಯುತ್ತಾರೆ. ಆ ಮನೆಯ ಮರ್ಯಾದೆಯನ್ನು ಕಾಯಲು ಬಾವಿಯವನೂ ಅವರ ಹೆಸರೆತ್ತುವುದಿಲ್ಲ. ನ್ಯಾಯಾಲಯದಲ್ಲಿ ಅವನು ಆಡುವುದು ಒಂದೇ ವಾಕ್ಯ: 'ಆ ಹೊತ್ತಿಗೆ ನಾನು ಊಟಕ್ಕೆ ಕೂತಿದ್ದೆ.' ಎಲ್ಲಿ ಎಂದರೆ ಸುಮ್ಮನಿದ್ದು ಗಲ್ಲಿಗೆ ಹೋಗುತ್ತಾನೆ. ಹುಡುಗಿ ಬೆಳೆದು ಮುದುಕಿಯಾಗುವ ಹೊತ್ತಿಗೆ, ಯಾರೂ ಕೇಳದಿದ್ದರೂ, ಅವನು ನಮ್ಮ ಮೇಜಿನಲ್ಲಿ ಕೂತಿದ್ದ ಎಂದು ಬರೆಯುತ್ತಾಳೆ. ಅದೇ ಈ ಪುಸ್ತಕ.

ಎಂಥ ಕಾದಂಬರಿ ಎನ್ನುತ್ತೀರಿ! ಕೆಟ್ಟವರನ್ನು ಬೈಯುವ ಸುಲಭದ ದಾರಿಯನ್ನು ಆ ಲೇಖಕಿ ಹಿಡಿಯಲೇ ಇಲ್ಲ. ಗೋದಾಮಿನ ಧಣಿಗಳು ತಮ್ಮ ಮೆಟ್ಟಿಲು ಹತ್ತಗೊಡದ ದರಿದ್ರ ಕಾವಲುಗಾರನಿಗೆ ತನಗಿಂತ ಕೆಳಗೆ ಒಬ್ಬನಾದರೂ ಇದ್ದಾನೆಂಬುದೇ ಜೀವನದ ಏಕೈಕ ಆಸ್ತಿ ಎಂಬುದನ್ನು ಅವಳು ಎಷ್ಟು ಕರುಣೆಯಿಂದ ಬರೆಯುತ್ತಾಳೆಂದರೆ, ಸುಳ್ಳು ಹೇಳುವ ಅವನ ಮೇಲೂ ನಮಗೆ ಮರುಕ ಹುಟ್ಟುತ್ತದೆ. ಉಣ್ಣಿಸಿದ ತಾಯಿ ಒಳ್ಳೆಯವಳು. ಬಾಯಿ ಮುಚ್ಚಿಕೊಂಡ ತಾಯಿಯೂ ಅವಳೇ. ನ್ಯಾಯಾಲಯದ ಅಧ್ಯಾಯ ಓದಿಸುವಾಗ ಪ್ರತಿವರ್ಷ ನನ್ನ ಕಂಠ ಗದ್ಗದವಾಗುತ್ತಿತ್ತು. ಆಮೇಲೆ ನಾನು ವರ್ಣಭೇದ, ವರ್ಗಭೇದ, ನ್ಯಾಯ ಎಂಬ ಮೂರು ಶೀರ್ಷಿಕೆಗಳಲ್ಲಿ ಟಿಪ್ಪಣಿ ಬರೆಸುತ್ತಿದ್ದೆ. ಹುಡುಗರು ಅದನ್ನೇ ಪರೀಕ್ಷೆಯಲ್ಲಿ ನನಗೆ ಮರಳಿಸುತ್ತಿದ್ದರು.

ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ಊರುಗಳ ಓದುಗರು ಸೇರಿ ನಡೆಸುವ ನಮ್ಮ ಕೂಟವೊಂದಿದೆ. ತಿಂಗಳಿಗೊಂದು ಭಾನುವಾರ, ಒಂದೊಂದು ಸಲ ಒಂದೊಂದು ಊರಿನಲ್ಲಿ ಸೇರುತ್ತೇವೆ. ಅದಕ್ಕೆ ಎರಡು ವರ್ಷದ ಹಿಂದೆ ಸುಶೀಲಾ ಅಕ್ಕೋರು ಬಂದರು. ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಶಿಕ್ಷಕಿ. ಅವರು ಯಲ್ಲಾಪುರದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ. ಅರಬೈಲ್ ಘಟ್ಟದ ಬದಿಯ ಊರಿನವರು, ಸಿದ್ದಿ ಸಮುದಾಯದವರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲದ ಸಿದ್ದಿಯರು ಯಲ್ಲಾಪುರದ ಕಾಡಂಚಿನಲ್ಲಿ ತಲೆತಲಾಂತರದಿಂದ ನೆಲೆಸಿದ್ದಾರೆ. ಆದರೂ ಬಸ್ಸಿನಲ್ಲಿ ಯಾವ ದೇಶ ಎಂದು ಕೇಳಿಸಿಕೊಳ್ಳುವುದು ಅವರಿಗೆ ತಪ್ಪಿಲ್ಲ. ಇದನ್ನು ಖಂಡಿಸಿ ನಾನು ಎರಡು ಭಾಷಣ ಮಾಡಿದ್ದೆ. ಹೀಗಿದ್ದೂ ಮೊದಲ ದಿನ ಅಕ್ಕೋರು ಬಾಗಿಲಲ್ಲಿ ನಿಂತಾಗ ನನ್ನ ಬಾಯಿಂದ ಹೊರಟದ್ದು ಇಂಗ್ಲಿಷ್ ಸ್ವಾಗತ. ಅವರು ಚಪ್ಪಲಿ ಬಿಡುತ್ತ, ಕನ್ನಡದಲ್ಲಿ ಮಾತಾಡಿ ಸರ್, ನಂಗೆ ಇಂಗ್ಲಿಷ್ ಅಷ್ಟು ಬರೋದಿಲ್ಲ ಎಂದರು. ಆ ಮುಗುಳ್ನಗೆಯಲ್ಲಿ ನನ್ನ ಎರಡೂ ಭಾಷಣಗಳು ಮುಳುಗಿಹೋದವು.

ಆ ಕಾದಂಬರಿಯ ಕನ್ನಡ ಅನುವಾದವನ್ನು ಕೂಟದಲ್ಲಿ ಓದೋಣವೆಂದವರು ಅಕ್ಕೋರೇ. ತಮ್ಮ ಶಾಲೆಯ ಹದಿನಾಲ್ಕು ಮಕ್ಕಳನ್ನು ಕರೆತರುತ್ತೇನೆ, ಅವರಲ್ಲಿ ಒಂಬತ್ತನೆಯ ಇಯತ್ತೆಯ ಭಾಗ್ಯ ಎಂಬವಳಿಗೆ ವಕೀಲಳಾಗುವ ಆಸೆಯಿದೆ, ನ್ಯಾಯಾಲಯದ ಅಧ್ಯಾಯವನ್ನು ಅವಳು ಕೇಳಲೇಬೇಕು ಎಂದಿದ್ದರು. ಸಿದ್ದಿ ಮಕ್ಕಳು ಏಳೆಂಟನೆಯ ಇಯತ್ತೆಗೇ ಶಾಲೆ ಬಿಡದಂತೆ ಮನೆಮನೆಗೆ ಹೋಗಿ ಕಾಡುವವರು ಅವರು. ಸರಿಯಾಗಿ ಕಲಿತು ಸತ್ಯವನ್ನು ನೆಟ್ಟಗೆ ಹೇಳಿದರೆ ಯಾರಾದರೂ ಕೇಳುತ್ತಾರೆ ಎಂಬುದು ಅವರು ಮಕ್ಕಳಿಗೆ ಕೊಟ್ಟಿದ್ದ ಭರವಸೆ. ಬರಿಯ ಚರ್ಚೆಯಾದರೆ ಮಕ್ಕಳಿಗೆ ನಿದ್ದೆ ಬಂದೀತೆಂದು ಯಲ್ಲಾಪುರದ ಗಣಪತಿ ಭಟ್ಟರು ಒಂದು ಯುಕ್ತಿ ತೆಗೆದರು: ಆ ಅಧ್ಯಾಯವನ್ನೇ ತಾಳಮದ್ದಳೆ ಮಾಡುವುದು! ಭಟ್ಟರು ಕಸುಬಿನಿಂದ ಔಷಧಿ ಅಂಗಡಿಯವರು, ಕಲೆಯಲ್ಲಿ ಮೂರು ತಾಲೂಕಿಗೂ ಮೇಲಾದ ಅರ್ಥಧಾರಿ, ಎಂದರೆ ತಾಳಮದ್ದಳೆಯ ಮಾತುಗಾರ. ಆರೋಪಿಯ ಪರ ವಕೀಲರ ಪಾತ್ರ ಅವರಿಗೆ. ವಿರುದ್ಧ ವಕೀಲನದು, ಹೇಳಬೇಕಾದದ್ದೇ ಇಲ್ಲ, ನನಗೆ. ನಿವೃತ್ತ ಪಶುವೈದ್ಯರು ನ್ಯಾಯಾಧೀಶರಾದರು. ಆರೋಪಿಯ ಪಾತ್ರಕ್ಕೆ ಮಾತ್ರ ಯಾರೂ ಇಲ್ಲ. ತಾಳಮದ್ದಳೆಯವರಿಗೆ ಒಂದೇ ವಾಕ್ಯದ ಪಾತ್ರ ಪಾತ್ರವೇ ಅಲ್ಲ. ಕೊನೆಗೆ ಯಾರೋ, ಅಕ್ಕೋರೇ ಮಾಡಲಿ, ಹೊಂದುತ್ತದೆ ಎಂದರು. ಹೊಂದುವುದು ಯಾವುದು ಎಂದು ಯಾರೂ ಕೇಳಲಿಲ್ಲ. ಅಕ್ಕೋರು ಎಲ್ಲರ ಮುಖವನ್ನೂ ಒಮ್ಮೆ ನೋಡಿ ಒಪ್ಪಿಕೊಂಡರು.

ಕಾರ್ಯಕ್ರಮ ಯಲ್ಲಾಪುರದಲ್ಲಿ, ಮಧ್ಯಾಹ್ನ ಮೂರಕ್ಕೆ. ಊಟ ಭಟ್ಟರ ಮನೆಯಲ್ಲಿ. ಭಟ್ಟರ ಔದಾರ್ಯ ಪ್ರಸಿದ್ಧವಾದದ್ದು. ಬಂದವರು ಎರಡು ಸಲ ಪಾಯಸ ಹಾಕಿಸಿಕೊಳ್ಳದೆ ಎದ್ದರೆ ಅವರಿಗೆ ಅವಮಾನ. ನಮಗೆಲ್ಲ ಒಳಗಿನ ಹಜಾರದಲ್ಲಿ ಎಲೆ ಹಾಕಿತ್ತು. ಅಕ್ಕೋರೂ ಮಕ್ಕಳೂ ಬಂದಾಗ ಭಟ್ಟರೇ ಎದುರು ಹೋಗಿ ಕೈಕಾಲು ತೊಳೆಯಲು ನೀರು ಕೊಟ್ಟು, "ಹೊರಗೆ ಗಾಳಿ ಚಲೋ ಇದೆ, ನೀವೆಲ್ಲ ಅಲ್ಲೇ ಕೂತ್ಕೊಳ್ಳಿ" ಎಂದು ಅಂಗಳದ ಚಪ್ಪರದಲ್ಲಿ ಸಾಲಾಗಿ ಕೂರಿಸಿದರು. ಅಡುಗೆ ಅದೇ, ಬಡಿಸುವ ಪ್ರೀತಿಯೂ ಅದೇ. ನನ್ನ ಎಲೆ ಬಾಗಿಲಿಗೆ ಎದುರಾಗಿತ್ತು. ಚಪ್ಪರದ ತುದಿಯಲ್ಲಿ ಅಕ್ಕೋರು ಕೂತದ್ದು ನೆಟ್ಟಗೆ ಕಾಣುತ್ತಿತ್ತು. ಕಂಡಿತು, ಒಂದು ಗಳಿಗೆ ಕೈ ನಿಂತಿತು, ಅಷ್ಟರಲ್ಲಿ ಪಾಯಸ ಬಂತು. ಎರಡನೆಯ ಸಲವೂ ಹಾಕಿಸಿಕೊಂಡೆ.

ಸಭಾಭವನದಲ್ಲಿ ನಾಲ್ಕು ಮೈಕುಗಳಿದ್ದವು: ಭಾಗವತರಿಗೊಂದು, ನ್ಯಾಯಾಧೀಶರಿಗೊಂದು, ವಕೀಲರಿಬ್ಬರಿಗೆ ಎರಡು. ಆರೋಪಿಗೆ ಮೈಕು ಬೇಕೆಂದು ಮೈಕಿನವನಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ. ಎರಡು ಬೆಂಚುಗಳನ್ನು ಅಡ್ಡವಿಟ್ಟು ಮಾಡಿದ ಕಟಕಟೆಯಲ್ಲಿ ಅಕ್ಕೋರು ನಿಂತರು. ಮಕ್ಕಳು ಹಿಂದಿನ ಸಾಲಿನಲ್ಲಿದ್ದರು. ಭಾಗವತರು ಪದ್ಯ ಎತ್ತಿದರು, ನ್ಯಾಯಾಧೀಶರು ಬೆಂಕಿ ಬಿದ್ದ ಹೊತ್ತಿಗೆ ನೀನೆಲ್ಲಿದ್ದೆ ಎಂದು ಕೇಳಿದರು. ಅಕ್ಕೋರು ತಮ್ಮ ವಾಕ್ಯವನ್ನು ಹೇಳಿದರು. ಮುಂದಿನ ಎರಡು ಸಾಲಿಗೆ ಕೇಳಿರಬಹುದು. ಹಿಂದಿನಿಂದ ಯಾರೋ, ಎಂತ ಹೇಳಿದ್ದು, ಕೇಳಲಿಲ್ಲ ಎಂದರು.

ಆಗ ನಾನು ಉಪಕಾರ ಮಾಡುವವನಂತೆ ನನ್ನ ಮೈಕಿಗೆ ಬಾಗಿ, ಆ ಮಾತನ್ನು ಎತ್ತಿಕೊಂಡು, ನನ್ನ ಪ್ರಸಿದ್ಧ ರಾಗದಲ್ಲಿ ಎಳೆದೆ: "ಕೇಳಿದಿರಾ ಮಹಾಸ್ವಾಮಿ, ಆ ಹೊತ್ತಿಗೆ ಇವನು ಊಟಕ್ಕೆ ಕೂತಿದ್ದನಂತೆ. ಕೂತದ್ದು ಯಾವ ಪಂಕ್ತಿಯಲ್ಲಿ ಮಾರಾಯ?"

ಸಭೆ ಬಿದ್ದು ಬಿದ್ದು ನಕ್ಕಿತು. ಆ ನಗುವಿನ ನಡುವೆ ನಾನು ಎರಡು ಸಂಗತಿಗಳನ್ನು ಕಂಡೆ. ಹಿಂದಿನ ಸಾಲಿನ ಮಕ್ಕಳು ನಗದೆ ತಮ್ಮ ಅಕ್ಕೋರ ಮುಖ ನೋಡುತ್ತಿದ್ದರು; ಅಕ್ಕೋರು ನನ್ನ ಮುಖ ನೋಡುತ್ತಿದ್ದರು. ಸಿಟ್ಟಿರಲಿಲ್ಲ, ಉತ್ತರಕ್ಕಾಗಿ ಕಾಯುವ ನೋಟ ಅದು. ಯಾಕೆಂದರೆ ಯಾವ ಪಂಕ್ತಿ ಎಂಬುದು ಆ ಸಭೆಯಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು; ಮೂರು ತಾಸಿನ ಹಿಂದೆ ಕಣ್ಣಾರೆ ಕಂಡಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಪ್ರಬಂಧ ಇಷ್ಟು ಉದ್ದವಾಗುತ್ತಿರಲಿಲ್ಲ. ಮಾತು ರಂಗೇರಿದಾಗ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಇನ್ನೂ ಇಪ್ಪತ್ತು ನಿಮಿಷ ವಾದಿಸಿ, ಭಟ್ಟರನ್ನು ನಿರುತ್ತರಗೊಳಿಸಿ, ಚಪ್ಪಾಳೆಯ ನಡುವೆ ಒಬ್ಬ ನಿರಪರಾಧಿಗೆ ಎರಡನೆಯ ಸಲ ಶಿಕ್ಷೆ ಕೊಡಿಸಿದೆ. ತಾಳಮದ್ದಳೆಯಲ್ಲಿ ಗೆದ್ದವನ ಮಾತು ದೊಡ್ಡದು. ಎಲ್ಲರೂ ಬಂದು ನನ್ನ ಕೈ ಕುಲುಕಿದರು.

ಚಹಾ ಕುಡಿಯುವಾಗ ಅಕ್ಕೋರು ಹತ್ತಿರ ಬಂದರು. "ಚಲೋ ಮಾತಾಡಿದ್ರಿ ಸರ್. ನಮ್ಮ ಮಕ್ಕಳಿಗೆ ನಾನು ಹೇಳಿದ್ದು ಕೇಳಲಿಲ್ಲ, ನೀವು ಹೇಳಿದ್ದು ಕೇಳ್ತು. ಸತ್ಯ ಹೇಳಿದವನಿಗೆ ಎಲ್ಲರೂ ಯಾಕೆ ನಗಾಡಿದ್ರು ಅಂತ ಭಾಗ್ಯ ಕೇಳ್ತಿದ್ದಾಳೆ. ಅವಳಿಗೆ ಎಂತ ಹೇಳಲಿ?" ಎಂದರು. ಇನ್ನು ಮುಂದೆ ಮಕ್ಕಳನ್ನು ಕರೆತರುವುದಿಲ್ಲವೆಂದು ಹೇಳಿ ಅವರು ಲೋಟ ತೊಳೆದಿಟ್ಟು ಹೋದರು. ಬೇರೆ ಯಾರೂ ತಮ್ಮ ಲೋಟ ತೊಳೆದಿರಲಿಲ್ಲ.

ಶಿರಸಿಗೆ ಮರಳುವ ಬಸ್ಸಿನಲ್ಲಿ ನನಗೆ ನಾಚಿಕೆಯಾಯಿತು. ಇದನ್ನು ಅಲಂಕರಿಸಿ ಹೇಳುವ ಅಗತ್ಯವಿಲ್ಲ. ವರ್ಷವರ್ಷವೂ ಗದ್ಗದಕಂಠದಿಂದ ಓದಿಸಿದ ಪುಸ್ತಕದ ಒಳಗೇ ನಾನು ಎಲೆ ಹಾಕಿಸಿಕೊಂಡು ಉಂಡು ಬಂದಿದ್ದೆ, ಆದರೂ ಗುರುತು ಹಿಡಿದಿರಲಿಲ್ಲ. ಒಳ್ಳೆಯ ಪುಸ್ತಕ ಪರಸ್ಥಳದ ಕಥೆ ಹೇಳುತ್ತದೆಂದು ನಂಬಿಸಿ, ನಮ್ಮ ಮನೆಬಾಗಿಲಿಗೇ ತಂದು ನಿಲ್ಲಿಸಿಬಿಡುತ್ತದೆ. ಅದರ ಈ ಗುಣಕ್ಕೆ ನಾನು ಮೊದಲಿಗಿಂತ ಹೆಚ್ಚು ತಲೆಬಾಗಿದ್ದು ಆ ಬಸ್ಸಿನಲ್ಲಿ.

ಮರುದಿನ ಭಟ್ಟರಿಗೆ ಫೋನು ಮಾಡಿ ಚಪ್ಪರದ ವಿಷಯ ಎತ್ತಿದೆ. ಭಟ್ಟರು, "ಯಂಗೆ ಕೆಟ್ಟ ಮನಸ್ಸು ಇತ್ತಿಲ್ಲೆ. ಒಳಗೆ ಆಯಿ ಇದ್ದಿತ್ತು" ಎಂದರು. ಆಯಿ ಎಂದರೆ ಅವರ ತೊಂಬತ್ತರ, ಮಡಿ ಬಿಡದ ತಾಯಿ. ಕಾದಂಬರಿಯ ಆ ತಾಯಿಗೂ ಕೆಟ್ಟ ಮನಸ್ಸಿರಲಿಲ್ಲವಲ್ಲ ಎಂದು ನೆನಪಿಸಿದೆ. ನೋಡಿಯೂ ಎರಡನೆಯ ಪಾಯಸ ಹಾಕಿಸಿಕೊಂಡವನು ನಾನೆಂಬುದನ್ನೂ ಹೇಳಿದೆ. ಭಟ್ಟರು ಫೋನು ಇಟ್ಟರು. ಮಾತಿನ ಮಲ್ಲ ಮಾತಿಲ್ಲದೆ ಫೋನಿಟ್ಟದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ.

ಆ ವಾರವೇ ಯಲ್ಲಾಪುರದ ಶಾಲೆಗೆ ಹೋದೆ. ಅಕ್ಕೋರ ಎದುರು ಕೂತು, ಮುಂದಿನ ತಿಂಗಳು ಸಿದ್ದಾಪುರದಲ್ಲಿ ಅದೇ ಅಧ್ಯಾಯವನ್ನು ಇನ್ನೊಮ್ಮೆ ಮಾಡೋಣ, ನಡುವೆ ನಾನು ವಕೀಲಿಯನ್ನು ಬಿಟ್ಟೆದ್ದು, ಕಂಡದ್ದನ್ನು ಸಾಕ್ಷಿಯಾಗಿ ಸಭೆಗೆ ಹೇಳಿಬಿಡುತ್ತೇನೆ ಎಂದೆ. ನಿಜ ಹೇಳಬೇಕೆಂದರೆ, ಬಸ್ಸಿನಲ್ಲಿ ಬರುವಾಗಲೇ ಪಶ್ಚಾತ್ತಾಪದ ಆ ಭಾಷಣ ಸಿದ್ಧವಾಗಿತ್ತು, ಕರುಣರಸವೂ ಚೆನ್ನಾಗಿ ಕೂಡಿತ್ತು. ಅಕ್ಕೋರು ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಮುಚ್ಚಿಟ್ಟರು.

"ಬೇಡ ಸರ್. ನೀವು ಪ್ರಶ್ನೆ ಕೇಳಿ, ಸಾಕು. ಉತ್ತರ ನಾನು ಹೇಳ್ತೇನೆ" ಎಂದರು. "ನಂಗೊಂದು ಮೈಕು ಬೇಕು. ಅದು ಇದ್ರೆ ಮಕ್ಕಳನ್ನೂ ಕರ್ಕೊಂಡು ಬರ್ತೇನೆ."

ಸಿದ್ದಾಪುರದಲ್ಲಿ ಐದು ಮೈಕುಗಳಾದವು. ಅಕ್ಕೋರು ಎತ್ತರದ ಹೆಂಗಸು. ಕಟಕಟೆಯಲ್ಲಿ ನಿಂತವರೇ ತಮ್ಮ ಮೈಕಿನ ಕಂಬವನ್ನು ಮೇಲಕ್ಕೆಳೆದು ತಿರುಪು ಬಿಗಿದುಕೊಂಡರು. ತಟ್ಟಿ ನೋಡಲಿಲ್ಲ. ಹಿಂದಿನ ಸಾಲಿಗೆ ಕಣ್ಣು ಹಾಯಿಸಿ ಕೇಳ್ತದಾ ಎಂದರು. ಕೇಳ್ತದೆ ಅಕ್ಕೋರೇ ಎಂದು ಹದಿನಾಲ್ಕು ಕಂಠಗಳು ಒಟ್ಟಿಗೆ ಕೂಗಿದವು. ಆಮೇಲೆ ಪದ್ಯವಾಯಿತು, ನ್ಯಾಯಾಧೀಶರ ಪ್ರಶ್ನೆಯಾಯಿತು, ಆ ಹೊತ್ತಿಗೆ ನಾನು ಊಟಕ್ಕೆ ಕೂತಿದ್ದೆ ಎಂಬ ಮಾತು ಈ ಸಲ ಅವರ ಸ್ವಂತ ಧ್ವನಿಯಲ್ಲಿಯೇ ಗೋಡೆಯವರೆಗೆ ಹೋಗಿ ಮುಟ್ಟಿತು. ನಾನು ರಾಗವಿಲ್ಲದೆ, ಯಾವ ಪಂಕ್ತಿಯಲ್ಲಿ ಎಂದು ಕೇಳಿದೆ. ಒಂದಿಬ್ಬರು ನಗಲು ಸಿದ್ಧರಾದರು.

"ಹೊರಗಿನ ಪಂಕ್ತಿಯಲ್ಲಿ ಸ್ವಾಮಿ. ಗಾಳಿ ಚಲೋ ಇದೆ ಅಂತ ಕೂರಿಸಿದ್ರು. ನಾನು ಗಾಳಿ ಕೇಳಿರಲಿಲ್ಲ. ನೀವು ಒಳಗೆ ಕೂತು ನನ್ನನ್ನ ನೋಡಿದ್ರಿ. ನೋಡಿದವರೇ ಈಗ ಎಲ್ಲಿದ್ದೆ ಅಂತ ಕೇಳ್ತೀರಿ."

ಕಾದಂಬರಿಯ ಬಾವಿಯವನು ನೂರಿನ್ನೂರು ಪುಟಗಳಲ್ಲಿ ಹೇಳದೆ ನುಂಗಿಕೊಂಡದ್ದನ್ನು ಅಕ್ಕೋರು ಐದು ವಾಕ್ಯಗಳಲ್ಲಿ ಹೇಳಿ ಮುಗಿಸಿದರು. ಸಭೆಗೆ ಇದು ಪ್ರಸಂಗದ ಭಾಗವೋ ಬೇರೆಯೋ ತಿಳಿಯಲಿಲ್ಲ. ಇನ್ನು ಭಟ್ಟರು ಆರೋಪಿಯ ಪರ ವಾದಿಸಬೇಕು. ಭಾಗವತರು ಪದ್ಯ ಎತ್ತಲು ಹೊರಟಾಗ ಭಟ್ಟರು ಕೈಯೆತ್ತಿ ತಡೆದು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, "ಮಹಾಸ್ವಾಮಿ, ಅವರನ್ನು ಹೊರಗೆ ಕೂರಿಸಿದವನು ನಾನೇ. ಅವರು ಹೇಳಿದ್ದು ಸತ್ಯ" ಎಂದರು. ಅಷ್ಟೇ. ತಾಸುಗಟ್ಟಲೆ ಮಾತಾಡುವ ಭಟ್ಟರ ಅತ್ಯುತ್ತಮ ಅರ್ಥಗಾರಿಕೆ ಅದು. ಪುಸ್ತಕದಲ್ಲಿ ಆ ಬಡಪಾಯಿಗೆ ಕೊನೆಗೂ ಸಿಗದ ಸಾಕ್ಷಿ ಸಿದ್ದಾಪುರದಲ್ಲಿ ಸಿಕ್ಕಿತು. ನ್ಯಾಯಾಧೀಶರಾದ ಪಶುವೈದ್ಯರು ಬರೆದುಕೊಂಡು ಬಂದಿದ್ದ ತೀರ್ಪಿನ ಚೀಟಿಯನ್ನು ಮಡಚಿ ಜೇಬಿಗೆ ಹಾಕಿದರು. ತೀರ್ಪಿಲ್ಲದೆಯೇ ಭಾಗವತರು ಮಂಗಳ ಹಾಡಿದರು.

ಆಮೇಲಿನ ಊಟದ ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ. ಸಿದ್ದಾಪುರದ ಶಾಲೆಯ ಸಭಾಂಗಣದಲ್ಲಿ ಒಂದೇ ಉದ್ದದ ಪಂಕ್ತಿ. ಎಲೆ ಹಾಕುತ್ತ ಬಂದವರು ಭಟ್ಟರು, ಅಕ್ಕೋರ ಪಕ್ಕದ ಎಲೆಗೆ ಕೂತವರೂ ಅವರೇ. ಇಲ್ಲಿ ಗಾಳಿ ಕಮ್ಮಿ ಭಟ್ರೇ, ಅಡ್ಡಿಲ್ವಾ ಎಂದು ಅಕ್ಕೋರು ಕೇಳಿದ್ದಕ್ಕೆ ಭಟ್ಟರು ಕೆಂಪೇರಿ ನಕ್ಕರು. ಯಲ್ಲಾಪುರದ ಅವರ ಮನೆಯ ಹಜಾರದಲ್ಲಿ, ಆಯಿಯ ಎದುರು, ಆ ಎಲೆ ಬೀಳುತ್ತದೆಯೋ ಇಲ್ಲವೋ ನನಗೆ ತಿಳಿಯದು. ಇನ್ನೂ ಯಾರಿಗೂ ಕರೆ ಬಂದಿಲ್ಲ. ಬಂದ ದಿನ ನಾನು ಮೊದಲು ನೋಡುವುದು ಬಾಗಿಲಿನಾಚೆಯ ಚಪ್ಪರವನ್ನೇ.

ಊಟಕ್ಕೆ ಮೊದಲು, ಮಂಗಳವಾದ ಮೇಲೆ, ವಂದನಾರ್ಪಣೆ ನನ್ನ ಪಾಲಿಗಿತ್ತು. ಕಟಕಟೆಯ ಮೈಕೇ ಹತ್ತಿರವಿದ್ದುದರಿಂದ ಅದರ ಎದುರು ಹೋಗಿ ನಿಂತೆ. ಅದು ಅಕ್ಕೋರ ಎತ್ತರದಲ್ಲಿ, ನನ್ನ ತಲೆಗೆ ಸಮನಾಗಿ ನಿಂತಿತ್ತು. ಅಭ್ಯಾಸಬಲದಿಂದ ಕೈ ಅದರ ಕತ್ತಿನವರೆಗೆ ಹೋಯಿತು, ತಿರುಪನ್ನೂ ಹಿಡಿಯಿತು. ಆಮೇಲೆ ಬಿಟ್ಟುಬಿಟ್ಟೆ. ಅದರ ಕೆಳಗೆ ನಿಂತು, ಅಕ್ಕೋರ ಕಡೆ ತಿರುಗಿ, ಯಲ್ಲಾಪುರದಲ್ಲಿ ನಾನು ಮಾಡಿದ್ದು ತಪ್ಪು, ಕ್ಷಮಿಸಿ ಎಂದು ನನ್ನ ಸಹಜ ಧ್ವನಿಯಲ್ಲಿ ಹೇಳಿದೆ. ನಿಜಕ್ಕೂ ಎರಡೇ ಮಾತಿನಲ್ಲಿ ಮುಗಿಸಿದ ನನ್ನ ಮೊದಲ ಭಾಷಣ ಅದು. ಅಕ್ಕೋರಿಗೆ ಕೇಳಿತು, ತಲೆಯಾಡಿಸಿದರು.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಕೇಳೋದಿಲ್ಲ ಸರ್, ಜೋರಾಗಿ ಹೇಳಿ" ಎಂದಳು. ಅವಳೇ ಭಾಗ್ಯ ಎಂದು ಆಮೇಲೆ ತಿಳಿಯಿತು. ಮೈಕು ಮುಟ್ಟದೆಯೇ, ಇನ್ನೊಮ್ಮೆ, ಅವಳಿಗೆ ಕೇಳುವಷ್ಟು ಜೋರಾಗಿ ಹೇಳಿದೆ.